ಶುದ್ಧ ಶಾಕಾಹಾರಿ ಹೋಟೆಲಿಗೆ ಮೊಟ್ಟೆ ಟ್ರೇ ಬಂದದ್ದು

ಹೋಟೆಲು ನಡೆಸುವವರಿಗೆ ದೇವರು ಗಂಟಲನ್ನು ಕೊಟ್ಟಷ್ಟು ಧಾರಾಳವಾಗಿ ಕಿವಿಯನ್ನು ಕೊಟ್ಟಿಲ್ಲ ಎಂಬುದು ನನ್ನ ಇಷ್ಟು ವರ್ಷಗಳ ಅನುಭವ. ಹಾಗೆಂದು ನಾನು ಕಿವುಡನಲ್ಲ. ಅಡಿಗೆಮನೆಯಲ್ಲಿ ಒಂದು ಗಾಜಿನ ಲೋಟ ಒಡೆದರೆ ಗಲ್ಲಾದ ಮೇಲೆ ಕುಳಿತಲ್ಲಿಗೇ ನನಗೆ ಕೇಳುತ್ತದೆ. ಗ್ರೈಂಡರಿನ ಸದ್ದು ತುಸು ಬದಲಾದರೂ ಬೆಲ್ಟು ಸಡಿಲವಾಗಿದೆ ಎಂದು ಹೇಳಬಲ್ಲೆ. ಆದರೆ ಎದುರಿಗೆ ನಿಂತ ಮನುಷ್ಯ ಆಡಿದ ಮಾತು ಮಾತ್ರ ಅರ್ಧ ಕಿವಿಗೆ ಬೀಳುತ್ತದೆ. ಮಿಕ್ಕ ಅರ್ಧವನ್ನು ನಾನೇ ಊಹಿಸಿಕೊಂಡು, ಒಂದು ನಗು ನಕ್ಕು, ತಲೆಯಾಡಿಸಿ ಕಳಿಸಿಬಿಡುತ್ತೇನೆ. ನೂರು ಗಿರಾಕಿಗಳಲ್ಲಿ ತೊಂಬತ್ತೈದು ಜನರಿಗೆ ಇಷ್ಟೇ ಸಾಕು. ನನ್ನ ಹೆಂಡತಿ ಸುಮತಿ ಉಳಿದ ಐದರ ಪೈಕಿಯವಳು. "ನಿಮ್ಮತ್ರ ಮಾತಾಡುದೂ ಒಂದೇ, ಇಡ್ಲಿ ಪಾತ್ರೆ ಹತ್ರ ಮಾತಾಡುದೂ ಒಂದೇ ಮಾರ್ರೆ. ಅದಾದ್ರೂ ಹೊತ್ತಿಗೆ ಸರಿಯಾಗಿ ಬುಸ್ ಅನ್ತದೆ" ಎಂದು ಅವಳು ಆಗಾಗ ಹೇಳುವುದುಂಟು. ಅದನ್ನೂ ನಾನು ಅರ್ಧ ಕಿವಿಯಲ್ಲೇ ಕೇಳುತ್ತಿದ್ದೆ. ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ.

ಗಾಜಿಯಾಬಾದಿನ ಇಂದಿರಾಪುರಂನಲ್ಲಿ, ಬಹುಮಹಡಿ ಸೊಸೈಟಿಗಳ ಬುಡದಲ್ಲಿರುವ ಮಾರುಕಟ್ಟೆಯಲ್ಲಿ ನನ್ನದೊಂದು ದೋಸೆ ಹೋಟೆಲಿದೆ. ಕುಂದಾಪುರದ ಕಡೆಯಿಂದ ಸೋದರಮಾವನ ಬೆನ್ನು ಹಿಡಿದು ದೆಹಲಿಗೆ ಬಂದವನು ನಾನು. ಲೋಟ ತೊಳೆದು, ಮೇಜು ಒರೆಸಿ, ಕಡೆಗೊಂದು ದಿನ ನನ್ನದೇ ಬೋರ್ಡಿನ ಕೆಳಗೆ ಕುಳಿತೆ. ಸುತ್ತಲಿನ ಹೋಟೆಲುಗಳಲ್ಲೆಲ್ಲ ಆರ್ಡರನ್ನು ಮೊಬೈಲಿನಲ್ಲಿ ಒತ್ತಿ ಒಳಗೆ ಕಳಿಸುವ ಕಾಲ ಬಂದಿದ್ದರೂ ನನ್ನಲ್ಲಿ ಇನ್ನೂ ಊರಿನ ಪದ್ಧತಿಯೇ. ಸಪ್ಲೈಯರ್ ರಘು ಹಾಲ್ ನಡುವೆ ನಿಂತು "ಎರಡು ಮಸಾಲೆ, ಒಂದು ಈರುಳ್ಳಿ ಉತ್ತಪ್ಪಾ..." ಎಂದು ಎಳೆದು ಕೂಗಬೇಕು, ಒಳಗಿನಿಂದ ಭಟ್ಟರು "ಹ್ಞಾಂ" ಅನ್ನಬೇಕು. ಹಳೆಯ ಹಾಲ್ ನೋಡಲು ಅಂದವಾಗಿತ್ತು ಎಂದು ನಾನು ಸುಳ್ಳು ಹೇಳಲಾರೆ. ಮೇಲೆ ಬಿದಿರಿನ ಚಾಪೆಯ ಸೀಲಿಂಗು, ಕೆಳಗೆ ಸ್ಪಂಜು ಇಣುಕುವ ರೆಕ್ಸಿನ್ ಸೀಟುಗಳು, ಗೋಡೆಯುದ್ದಕ್ಕೂ ದಪ್ಪ ಪರದೆಗಳು. ಪರದೆಗಳನ್ನು ಒಂದು ಜನವರಿಯ ಚಳಿಗೆ ಹೆದರಿ ಹಾಕಿಸಿದ್ದೆ. ಆಮೇಲೆ ತೆಗೆಯಲು ಸೋಮಾರಿತನ. ಅವುಗಳನ್ನು ಹಿಂಡಿದರೆ ಒಂದು ಪ್ಲೇಟ್ ಇಡ್ಲಿಗೆ ಸಾಲುವಷ್ಟು ಸಾಂಬಾರು ಬಂದೀತು ಎಂದು ಸುಮತಿ ಹೇಳುತ್ತಿದ್ದಳು.

ಈ ಹಾಲ್‌ನ ಮೂಲೆಯ ಮೇಜು ಮೇಷ್ಟ್ರದು. ಮೇಷ್ಟ್ರು ಎಂದರೆ ತುಮಕೂರು ಕಡೆಯ ನಂಜುಂಡಯ್ಯನವರು. ದೆಹಲಿಯ ಶಾಲೆಯೊಂದರಲ್ಲಿ ಜೀವಮಾನವಿಡೀ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ, ಎದುರಿನ ಸೊಸೈಟಿಯ ಹನ್ನೊಂದನೆಯ ಮಹಡಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಮಗ ಸೊಸೆ ಹಗಲೆಲ್ಲ ಆಫೀಸಿನಲ್ಲಿ. ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ, ಅದೂ ಮೆಟ್ರೋ ವೇಗದಲ್ಲಿ. ಮೇಷ್ಟ್ರ ಬಲಗಿವಿ ಎಂದೋ ಕೈಕೊಟ್ಟಿತ್ತು. ಎಡಗಿವಿಗೆ ಒಂದು ಯಂತ್ರ. ಆದ್ದರಿಂದ ದಿನಾ ಮಧ್ಯಾಹ್ನ ಮೂರೂವರೆಗೆ, ಹೋಟೆಲು ಖಾಲಿ ಹೊಡೆಯುವ ಹೊತ್ತಿಗೆ, ಅವರು ಬಂದು ಗೋಡೆಗೆ ಬಲಗಿವಿ ಮಾಡಿ ಕೂರುತ್ತಿದ್ದರು. ಎರಡು ಕಾಫಿ, ಒಂದೂವರೆ ಗಂಟೆ ಕನ್ನಡ. ನಾನು, ರಘು, ಭಟ್ಟರು, ಯಾರು ಸಿಕ್ಕಿದರೆ ಅವರೊಡನೆ ಮಾತು. ಸಿಕ್ಕದಿದ್ದರೆ ನಾವು ನಮ್ಮೊಳಗೆ ಜಗಳವಾಡುವುದನ್ನು ಕೇಳಿಕೊಂಡು ಸುಮ್ಮನೆ ಕುಳಿತಿರುತ್ತಿದ್ದರು. ಅವರಿಗೆ ಅದೂ ರುಚಿಯೇ.

ಹೈಸ್ಕೂಲಿನಲ್ಲಿ ವಿಜ್ಞಾನದ ಪರೀಕ್ಷೆಗೆ ಮೂರು ಸಲ ಕುಳಿತವನು ನಾನು. ಅಂಥ ನನಗೆ ಅಲೆಗಳ ಪಾಠ ಆದದ್ದು ಆ ಮೂಲೆಯಲ್ಲೇ. ಮೇಷ್ಟ್ರು ಡಬರಾದಲ್ಲಿ ನೀರು ತರಿಸಿ, ಅದರಲ್ಲಿ ಒಂದು ಚೂರು ಕರಿಬೇವಿನ ಎಲೆ ಹಾಕಿ, ಬೆರಳಿನಿಂದ ಟಪ್ಪೆಂದು ತಟ್ಟುತ್ತಿದ್ದರು. ಉಂಗುರ ಉಂಗುರವಾಗಿ ಅಲೆ ಎದ್ದು ಅಂಚಿಗೆ ಹೋಗಿ ಬಡಿದು ಹಿಂದಕ್ಕೆ ಬರುತ್ತಿತ್ತು. "ಎಲೆ ನೋಡು. ಕುಣೀತಾ ಇದೆ, ಆದ್ರೆ ಇದ್ದಲ್ಲೇ ಇದೆ. ಅಲೆ ಹೋಗುತ್ತೆ ಕಣಯ್ಯಾ, ನೀರು ಹೋಗಲ್ಲ" ಎನ್ನುತ್ತಿದ್ದರು. ಅಡಿಗೆಮನೆಯ ಬಾಗಿಲಿಗೆ ಓರೆಯಾಗಿರುವ ನನ್ನ ಗಲ್ಲಾಕ್ಕೆ ಭಟ್ಟರ ಮುಖ ಕಾಣುವುದಿಲ್ಲ, ಆದರೆ ಅವರು ನನ್ನನ್ನು ಬೈಯುವುದು ಕೇಳುತ್ತದೆ. ಅದಕ್ಕೂ ಮೇಷ್ಟ್ರಲ್ಲಿ ಕಾರಣವಿತ್ತು. ಶಬ್ದದ ಅಲೆ ಉದ್ದ, ಅದು ಬಾಗಿಲ ಮೂಲೆಯನ್ನು ಬಳಸಿಕೊಂಡು ಬರುತ್ತದೆ. ಬೆಳಕಿನ ಅಲೆ ತೀರಾ ಸಣ್ಣದು, ಅದಕ್ಕೆ ಅಷ್ಟು ಬಾಗಲು ಆಗುವುದಿಲ್ಲ. ಒಂದು ದಿನ ಎರಡು ಬೆರಳುಗಳಿಂದ ಎರಡು ಕಡೆ ತಟ್ಟಿ, ಎರಡು ಅಲೆಗಳು ಕೂಡುವುದನ್ನು ತೋರಿಸಿದರು. "ಎರಡೂ ಒಟ್ಟಿಗೆ ಮೇಲಕ್ಕೆ ಬಂದ್ರೆ ದೊಡ್ಡ ಅಲೆ. ಒಂದು ಮೇಲಕ್ಕೆ ಬಂದಾಗ ಇನ್ನೊಂದು ಕೆಳಕ್ಕೆ ಹೋದ್ರೆ ಅಲ್ಲಿ ನೀರು ಶಾಂತ. ಸುಮತಿ ಮೇಲಕ್ಕೆ ಬಂದಾಗ ನೀನು ಕೆಳಕ್ಕೆ ಹೋಗು, ಸಂಸಾರ ನಡೆಯುತ್ತೆ." ಇಷ್ಟು ಪ್ರಯೋಜನದ ವಿಜ್ಞಾನವನ್ನು ಶಾಲೆಯಲ್ಲಿ ಹೇಳಿಕೊಟ್ಟಿದ್ದರೆ ನಾನು ಮೊದಲನೆಯ ಸಲವೇ ಪಾಸಾಗುತ್ತಿದ್ದೆ.

ಹೀಗಿರುವಾಗ ಹೋದ ವರ್ಷ ನಮ್ಮ ಎದುರಿಗೆ ಒಂದು ಹೊಸ ಕೆಫೆ ಶುರುವಾಯಿತು. ಗಾಜಿನ ಗೋಡೆ, ಹಳದಿ ದೀಪ, ಪಿಂಗಾಣಿ ಬಟ್ಟಲಲ್ಲಿ ಒಂದು ಗುಟುಕು ಕಾಫಿ. ನನಗೆ ಹೊಟ್ಟೆಕಿಚ್ಚು. ನೋಯ್ಡಾದಿಂದ ಒಬ್ಬ ಡಿಸೈನರನ್ನು ಕರೆಸಿದೆ. ಅವನು ನನ್ನ ಹಾಲ್‌ನಲ್ಲಿ ಒಂದು ಸುತ್ತು ಹಾಕಿ, ಪರದೆಯನ್ನು ಎರಡು ಬೆರಳಿನಲ್ಲಿ ಹಿಡಿದು ಮೂಸಿ, "ಅಂಕಲ್‌ಜೀ, ಆಜ್‌ಕಲ್ ಲುಕ್ ಬಿಕ್ತಾ ಹೈ" ಅಂದ. ಈಗೆಲ್ಲ ಮಾರಾಟವಾಗುವುದು ನೋಟವೇ ಹೊರತು ದೋಸೆಯಲ್ಲ ಎಂದು ಅವನ ಅಭಿಪ್ರಾಯ. ಸುಮತಿಗೆ ಸಂಶಯ ಬಂತು. "ಎಂಥಕ್ಕೆ ಮಾರ್ರೆ? ಮೇಷ್ಟ್ರನ್ನು ಒಂದು ಮಾತು ಕೇಳಿ" ಅಂದಳು. ಭೌತಶಾಸ್ತ್ರದ ಮೇಷ್ಟ್ರಿಗೆ ಡೆಕೊರೇಶನ್ನಿನ ವಿಷಯ ಏನು ಗೊತ್ತು ಎಂದುಕೊಂಡು ನಾನು ಅವರನ್ನು ಕೇಳಲಿಲ್ಲ. ಮೇ ತಿಂಗಳಲ್ಲಿ ಬಾಗಿಲು ಹಾಕಿ, ಜುಲೈಯಲ್ಲಿ ತೆರೆದೆ. ಬಿದಿರಿನ ಚಾಪೆ ಹೋಗಿ ಮೇಲೆ ನುಣುಪು ಸೀಲಿಂಗು ಬಂತು. ಕೆಳಗೆ ಅಮೃತಶಿಲೆ, ಒಂದು ಗೋಡೆಗೆ ಕನ್ನಡಿ, ಮೂರು ಗೋಡೆಗೆ ಟೈಲ್ಸು, ಕೂರಲು ಕಬ್ಬಿಣದ ಕುರ್ಚಿ. ಮೆತ್ತಗಿನ ವಸ್ತು ಎಂದು ಆ ಹಾಲ್‌ನಲ್ಲಿ ಉಳಿದದ್ದು ಇಡ್ಲಿ ಮಾತ್ರ.

ಉದ್ಘಾಟನೆಯ ದಿನವೇ ಅನಾಹುತದ ಸುಳಿವು ಸಿಕ್ಕಿತು. ರಘು ಅಭ್ಯಾಸದಂತೆ "ಎರಡು ಮಸಾಲೇ..." ಎಂದು ಎಳೆದ. ಆ ಕೂಗು ಕನ್ನಡಿಗೆ ಹೊಡೆದು, ಟೈಲ್ಸಿಗೆ ಹೊಡೆದು, ಸೀಲಿಂಗಿಗೆ ಹೊಡೆದು, ಅವನ ಬಾಯಿ ಮುಚ್ಚಿದ ಮೇಲೂ ಹಾಲ್ ತುಂಬ ಸುತ್ತಿತು. ಅದು ಅಡಗುವುದರೊಳಗೆ ಮುಂದಿನ ಆರ್ಡರು. ಅದರ ಮೇಲೆ ಚಮಚಗಳ ಸದ್ದು, ಕುರ್ಚಿ ಎಳೆಯುವ ಕಿರ್ರು, ಮಕ್ಕಳ ಕೇಕೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ ಒಬ್ಬರು ದನಿ ಏರಿಸಿದರು, ಅದರಿಂದಾಗಿ ಪಕ್ಕದ ಮೇಜಿನವರು ಇನ್ನಷ್ಟು ಏರಿಸಿದರು. ಹೆಂಡತಿಗೆ ಚಟ್ನಿ ಬೇಕೇ ಎಂದು ಪ್ರೀತಿಯಿಂದ ಕೇಳುವ ಗಂಡ ಕೂಡ ವಿಚ್ಛೇದನ ಕೇಳುವವನಂತೆ ಕಾಣುತ್ತಿದ್ದ. ನಾನು ಮಾತ್ರ ಇದೆಲ್ಲವನ್ನೂ ವ್ಯಾಪಾರದ ಕಳೆ ಎಂದುಕೊಂಡು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದೆ.

ಮೇಷ್ಟ್ರು ಆ ದಿನ ಬಂದು ಸಿಹಿ ತಿಂದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಗಮನಕ್ಕೆ ಅದು ಬರಲೇ ಇಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೂರು ವಾರ ಕಳೆದ ಮೇಲೆ ಸುಮತಿಯೇ "ಮೇಷ್ಟ್ರು ಎಂಥ ಕಾಣುದೇ ಇಲ್ಲ?" ಅಂದಳು. ಊರಿಗೆ ಹೋಗಿರಬೇಕು ಅಂದೆ. ಆಗಸ್ಟಿನ ಒಂದು ಮಧ್ಯಾಹ್ನ ಅವರನ್ನು ಕಂಡೆ. ಹೊಸ ಗಾಜಿನ ಬಾಗಿಲನ್ನು ತಳ್ಳಿ ಒಂದು ಕಾಲು ಒಳಗಿಟ್ಟರು. ಯಾವುದೋ ಆಫೀಸಿನ ಹತ್ತು ಹನ್ನೆರಡು ಮಂದಿ ಹುಟ್ಟುಹಬ್ಬ ಮಾಡುತ್ತಿದ್ದರು. ಚಪ್ಪಾಳೆ ಬಿತ್ತು ನೋಡಿ, ಮೇಷ್ಟ್ರ ಕೈ ಥಟ್ಟನೆ ಎಡಗಿವಿಗೆ ಹೋಯಿತು, ಮುಖ ಹಿಂಡಿದಂತಾಯಿತು. ಯಂತ್ರವನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಒಂದು ಕ್ಷಣ ತಮ್ಮ ಮೂಲೆಯ ಕಡೆ ನೋಡಿ, ಹಾಗೆಯೇ ಹಿಂದಕ್ಕೆ ತಿರುಗಿ ಹೋದರು. ನಾನು ಗಲ್ಲಾದಿಂದ ಎದ್ದು ಹತ್ತು ಹೆಜ್ಜೆ ಹೋಗಿದ್ದರೆ ಅವರನ್ನು ಹಿಡಿಯಬಹುದಿತ್ತು. ಏಳಲಿಲ್ಲ. ಎದುರಿಗೆ ಬಿಲ್ಲು ಕೊಡುವವರು ನಿಂತಿದ್ದರು.

ಅಂದು ಮನೆಗೆ ಹೋದ ಮೇಲೆ ಅನ್ನ ಸೇರಲಿಲ್ಲ. ಮಾತಿಗಾಗಿ ಬರುತ್ತಿದ್ದ ಮನುಷ್ಯನ ಜಾಗವನ್ನು ನಾನು ಮಾತೇ ಕೇಳದಂತೆ ಕಟ್ಟಿಸಿದ್ದೆ. ಮೇಷ್ಟ್ರನ್ನು ಹೇಗಾದರೂ ಮರಳಿ ಕರೆತರಬೇಕು ಎಂದು ನಿಶ್ಚಯಿಸಿದೆ. ನೇರವಾಗಿ ಅವರ ಮನೆಗೆ ಹೋಗಿ ಕೇಳಿದ್ದರೆ ಐದು ನಿಮಿಷದ ಕೆಲಸ. ಆದರೆ ಬುದ್ಧಿವಂತರು ಹಾಗೆ ಮಾಡುವುದಿಲ್ಲ, ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾರೆ. ಹುಡುಕಿದೆ. ಒಬ್ಬ ಪುಣ್ಯಾತ್ಮ ತನ್ನ ಕೋಣೆಯ ಗೋಡೆಗೆಲ್ಲ ರಟ್ಟಿನ ಮೊಟ್ಟೆ ಟ್ರೇಗಳನ್ನು ಅಂಟಿಸಿಕೊಂಡು, ಒಂದು ಚೂರೂ ಪ್ರತಿಧ್ವನಿಯಿಲ್ಲ ಎಂದು ಹಾಡಿ ತೋರಿಸುತ್ತಿದ್ದ. ಸೀಲಿಂಗಿಗೆ ಟ್ರೇ ಹೊಡೆದು ಮೇಲೆ ಬಿಳಿ ಬಣ್ಣ ಬಳಿದರೆ ಡಿಸೈನ್ ಎಂದೇ ಜನ ತಿಳಿದಾರು ಎಂದು ಲೆಕ್ಕ ಹಾಕಿ, ಸಗಟು ಮೊಟ್ಟೆಯ ಭಯ್ಯಾನಿಗೆ ಫೋನ್ ಮಾಡಿದೆ. ಅವನು ಖಾಲಿ ಟ್ರೇ ಸಿಕ್ಕಿದಾಗ ಕಳಿಸುತ್ತೇನೆ ಅಂದ. ಯಾವಾಗ ಎಂದು ನಾನು ಕೇಳಲಿಲ್ಲ.

ಅವನು ಕಳಿಸಿದ್ದು ನವರಾತ್ರಿಯ ಎರಡನೆಯ ದಿನ. ನಮ್ಮ ಊರಿನವರಿಗೆ ಇದರ ಘೋರತೆ ತಿಳಿಯಲಿಕ್ಕಿಲ್ಲ. ಇಲ್ಲಿ ಆ ಒಂಬತ್ತು ದಿನ ಅರ್ಧ ಊರು ಉಪವಾಸ, ಇನ್ನರ್ಧ ಊರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ನನ್ನ ಬಾಗಿಲಲ್ಲೇ 'ಶುದ್ಧ ಶಾಕಾಹಾರಿ, ನವರಾತ್ರಿ ವ್ರತದ ದೋಸೆ ಸಿಗುತ್ತದೆ' ಎಂದು ಹಿಂದಿಯಲ್ಲಿ ಬ್ಯಾನರ್ ಕಟ್ಟಿದ್ದೆ. ಆ ಬ್ಯಾನರಿನ ಸರಿಯಾಗಿ ಕೆಳಗೆ, ಹಾಡುಹಗಲು ಹನ್ನೊಂದು ಗಂಟೆಗೆ, ಒಂದು ಇ-ರಿಕ್ಷಾ ಬಂದು ನಿಂತಿತು. ಅದರ ತಲೆಯ ಮಟ್ಟಕ್ಕೆ ಮೊಟ್ಟೆ ಟ್ರೇಗಳ ಗೋಪುರ. ರಿಕ್ಷಾದವನು ಇಡೀ ಮಾರುಕಟ್ಟೆಗೆ ಕೇಳುವ ಹಾಗೆ "ಡೋಸಾವಾಲೇ ಭಯ್ಯಾ, ಅಂಡೇ ಕೇ ಟ್ರೇ ಕಹಾಂ ಉತಾರೂಂ?" ಎಂದು ಕೂಗಿದ. ಮೊಟ್ಟೆ ಟ್ರೇ ಎಲ್ಲಿ ಇಳಿಸಲಿ ಎಂದರೆ ನಾನು ಏನು ಹೇಳಲಿ? ದೇವಸ್ಥಾನದಿಂದ ಮರಳುತ್ತಿದ್ದ ಇಬ್ಬರು ಹೆಂಗಸರು ಅಲ್ಲೇ ನಿಂತರು. ಒಬ್ಬರು ಫೋನ್ ತೆಗೆದರು.

ಅಲೆ ಹೋಗುತ್ತದೆ, ನೀರು ಹೋಗುವುದಿಲ್ಲ ಎಂಬ ಮಾತು ನನಗೆ ಪೂರ್ತಿ ಅರ್ಥವಾದದ್ದು ಆ ದಿನ. ಯಾರೂ ತಮ್ಮ ಸೋಫಾ ಬಿಟ್ಟು ಕದಲಲಿಲ್ಲ. ಆದರೆ ಆ ಫೋಟೋ ಒಂದು ಸೊಸೈಟಿಯ ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮಗದೊಂದಕ್ಕೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ನನ್ನದೇ ಫೋನಿಗೆ ಬಂತು. ಅಷ್ಟರಲ್ಲಿ ನಾನು ಹಿಂಬಾಗಿಲಲ್ಲಿ ಆಮ್ಲೆಟ್ ಮಾರುತ್ತೇನೆ ಎಂದೂ ಅದರಲ್ಲಿ ಸೇರಿತ್ತು. ಇಪ್ಪತ್ತು ವರ್ಷಗಳಿಂದ ಬರುತ್ತಿದ್ದ ಗಿರಾಕಿ ಶರ್ಮಾಜಿ ಬಂದು, "ಆಪ್‌ಸೇ ಯೇ ಉಮ್ಮೀದ್ ನಹೀಂ ಥೀ" ಎಂದು, ನನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲವೆಂದು, ನಿಟ್ಟುಸಿರುಬಿಟ್ಟು ಕುಳಿತುಕೊಳ್ಳದೆ ಹೋದರು. ಗುಂಡಿಯಲ್ಲಿ ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬಂತೆ ಭಟ್ಟರು ಸೌಟು ಕೆಳಗಿಟ್ಟು, "ಈ ಟ್ರೇ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೆ" ಅಂದರು. ಸಂಜೆಗೆ ಟ್ರೇಗಳು ಬಂದ ರಿಕ್ಷಾದಲ್ಲೇ ವಾಪಸು ಹೋದವು, ನಾನು ಗಂಗಾಜಲ ತಂದು ಬಾಗಿಲಿಗೆ ಚಿಮುಕಿಸಿ ನಾಲ್ಕು ಜನ ನೋಡುವಂತೆ ನಿಂತೆ.

ಮರುದಿನ ಮಧ್ಯಾಹ್ನ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹನ್ನೊಂದನೆಯ ಮಹಡಿಗೆ ಹೋದೆ. ಬಾಗಿಲು ತೆರೆದದ್ದು ಸೊಸೆ. ಆ ದಿನ ಅವರಿಗೆ ಮನೆಯಿಂದಲೇ ಕೆಲಸವಂತೆ. "ಮಾವ ಬಾಲ್ಕನಿಯಲ್ಲಿದ್ದಾರೆ ಅಂಕಲ್. ಮಷೀನ್ ಹಾಕಿದಾರೋ ಇಲ್ವೋ, ಎದುರಿಗೆ ಹೋಗಿ ನಿಂತು ಮಾತಾಡಿ, ಅಚ್ಛಾ?" ಅಂದರು. ಮೇಷ್ಟ್ರು ನನ್ನನ್ನು ಕಂಡು ಮುಖ ಅರಳಿಸಿ ಯಂತ್ರ ಸಿಕ್ಕಿಸಿಕೊಂಡರು. ನಾನು ಮೊಟ್ಟೆ ಟ್ರೇಯ ಕಥೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಪೆದ್ದೇ, ಟ್ರೇ ಹಾಕಿದ್ರೂ ಪ್ರಯೋಜನ ಇರಲಿಲ್ಲ. ರಟ್ಟು ತೆಳು. ಚಮಚದ ಕಿಣಿಕಿಣಿ ಏನೋ ಒಂಚೂರು ತಡೀಬಹುದು, ರಘು ಗಂಟಲಿಗೆ ಅದು ಯಾವ ಲೆಕ್ಕ? ಗಟ್ಟಿ ಗೋಡೆ ಅಲೇನ ಹಿಂದಕ್ಕೆ ಎಸೆಯುತ್ತೆ, ದಪ್ಪ ಬಟ್ಟೆ ನುಂಗಿಕೊಳ್ಳುತ್ತೆ. ಈ ಯಂತ್ರಕ್ಕೆ ಮಾತು ಯಾವುದು, ಗದ್ದಲ ಯಾವುದು ಅಂತ ಗೊತ್ತಾಗಲ್ಲ, ಎಲ್ಲಾನೂ ದೊಡ್ಡದು ಮಾಡಿ ತಲೆಗೆ ಹೊಡೆಯುತ್ತೆ" ಅಂದರು.

"ಒಂದು ಮಾತು ಹೇಳಬಾರದಿತ್ತಾ ಮೇಷ್ಟ್ರೇ? ನಾನು ಆವತ್ತೇ ಏನಾದರೂ ಮಾಡುತ್ತಿದ್ದೆ" ಅಂದೆ, ಸ್ವಲ್ಪ ಆಕ್ಷೇಪಣೆಯ ದನಿಯಲ್ಲೇ.

"ಹೇಳಿದ್ದೆನಲ್ಲಯ್ಯಾ, ಓಪನಿಂಗ್ ದಿನವೇ" ಅಂದರು ಮೇಷ್ಟ್ರು. "ನಿನ್ನ ಕೈ ಹಿಡ್ಕೊಂಡು ಹೇಳಿದೆ. ಈ ಎಡಗಿವೀನೂ ಹೆಚ್ಚು ದಿನ ಬರಲ್ಲ ಅಂತ ಡಾಕ್ಟರು ಹೇಳಿದಾರೆ, ಕೇಳೋವಷ್ಟು ದಿನ ನಿನ್ನ ಹೋಟ್ಲಲ್ಲಿ ಕೂತು ಕನ್ನಡ ಕೇಳಿಕೋತೀನಿ, ಆ ಮೂಲೆಗೆ ಮಾತ್ರ ಹಳೇ ಪರದೆ ವಾಪಸ್ ಹಾಕಿಸಿಬಿಡು ಅಂದೆ. ನೀನು ಎರಡೂ ಕೈ ಮುಗಿದು, ಬಹಳ ಸಂತೋಷ ಮೇಷ್ಟ್ರೇ, ಎಲ್ಲ ನಿಮ್ಮ ಆಶೀರ್ವಾದ, ಅಂದೆ."

ಇದನ್ನು ಹೇಳುವಾಗಲೂ ಅವರು ನಗುತ್ತಲೇ ಇದ್ದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆ ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಹೇಳಬಹುದಿತ್ತು. ಅದು ಅರ್ಧ ಸತ್ಯ. ಕೇಳಿಸದಿದ್ದರೆ ಏನಂದಿರಿ ಎಂದು ಮತ್ತೊಮ್ಮೆ ಕೇಳುವುದು ಮನುಷ್ಯರ ಕ್ರಮ. ಮೇಷ್ಟ್ರ ಕಿವಿಗೆ ಒಂದು ಯಂತ್ರವಾದರೂ ಇತ್ತು.

ಮರುದಿನವೇ ಪರದೆ ಹೊಲಿಸಲು ಕೊಟ್ಟೆ. ಮೂಲೆಗೊಂದು ಸಾಲದೆಂದು ಮೂರು ಗೋಡೆಗೂ ಹಾಕಿಸಿದೆ. ಕುರ್ಚಿಗೆ ದಿಂಬು, ಮೇಲಕ್ಕೆ ದಪ್ಪ ಕಂಬಳಿಯಂಥ ಬಟ್ಟೆಯ ಹಲಗೆ, ಇದೆಲ್ಲ ಮೇಷ್ಟ್ರೇ ಚೀಟಿಯಲ್ಲಿ ಬರೆದುಕೊಟ್ಟದ್ದು. ಡಿಸೈನರ್ ಬಂದು ನೋಡಿ ತಲೆ ಚಚ್ಚಿಕೊಂಡ. ಆದರೆ ದೀಪಾವಳಿ ಕಳೆದು ದರ್ಜಿ ಬಿಡುವು ಮಾಡಿಕೊಂಡು ಮುಗಿಸುವಷ್ಟರಲ್ಲಿ ಚಳಿ ಶುರುವಾಗಿತ್ತು, ಹೊಗೆ ಕವಿದು ಮುದುಕರನ್ನು ಹೊರಗೆ ಬಿಡಬೇಡಿ ಎಂದು ಡಾಕ್ಟರುಗಳು ಹೇಳುತ್ತಿದ್ದರು. ಮೇಷ್ಟ್ರು ಬಂದದ್ದು ಜನವರಿಯ ಕೊನೆಗೆ, ಮಗನ ತೋಳು ಹಿಡಿದುಕೊಂಡು. ಅಷ್ಟರಲ್ಲಿ ಅವರ ಎಡಗಿವಿ ಬಹಳ ಮಂದವಾಗಿತ್ತು. ಹತ್ತಿರದಿಂದ, ಒಬ್ಬರೇ, ನಿಧಾನವಾಗಿ ಆಡಿದ ಮಾತು ಮಾತ್ರ ಯಂತ್ರ ಹಾಕಿದರೆ ಅಷ್ಟಿಷ್ಟು ಕೇಳುತ್ತದೆ. ಭಟ್ಟರೂ ರಘುವೂ ಅವರಿಗೋಸ್ಕರವೇ ಎಂಬಂತೆ ಒಂದು ಜಗಳ ತೆಗೆದರು. ಮೇಷ್ಟ್ರು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ನೋಡುತ್ತಾ ಕುಳಿತರು, ಕೊನೆಗೆ ಯಂತ್ರ ತೆಗೆದು ಮೇಜಿನ ಮೇಲಿಟ್ಟರು. ಜುಲೈಯಿಂದ ಜನವರಿಯವರೆಗೆ ಆ ಕಿವಿಯಲ್ಲಿ ಉಳಿದಿದ್ದ ಕೇಳುವಿಕೆಯೆಲ್ಲ ಹನ್ನೊಂದನೆಯ ಮಹಡಿಯ ಲಿಫ್ಟಿನ ಸದ್ದಿಗೂ ಟಿವಿಗೂ ಖರ್ಚಾಗಿ ಹೋಯಿತು. ಆ ಆರು ತಿಂಗಳಿಗಾಗಿ ಅವರು ನನ್ನಲ್ಲಿ ಕೇಳಿದ್ದು ಒಂದು ಪರದೆ ಮಾತ್ರ.

ಈಗ ಅವರು ವಾರಕ್ಕೆ ಎರಡು ದಿನ ಬರುತ್ತಾರೆ. ನಾನು ಗಲ್ಲಾ ಸುಮತಿಗೆ ಒಪ್ಪಿಸಿ ಅವರೆದುರು ಕೂರುತ್ತೇನೆ. ಮಾತು ಹೆಚ್ಚಾಗಿ ಅವರದೇ. ಹೋದ ಗುರುವಾರ ಹಾಲ್‌ನಲ್ಲಿ ನಾವಿಬ್ಬರೇ. ಮನಸ್ಸಿನಲ್ಲಿ ತಿಂಗಳುಗಟ್ಟಲೆ ರೂಢಿ ಮಾಡಿಕೊಂಡಿದ್ದ ಮಾತನ್ನು ಹೇಳಿಯೇಬಿಡೋಣ ಎಂದು ಗಂಟಲು ಸರಿಮಾಡಿಕೊಂಡೆ. ತಲೆ ಎತ್ತಿದರೆ ಧೈರ್ಯ ಬರುವುದಿಲ್ಲವೆಂದು ಮೇಜನ್ನೇ ನೋಡುತ್ತಾ, "ಮೇಷ್ಟ್ರೇ, ನನ್ನಿಂದ ದೊಡ್ಡ ತಪ್ಪಾಯ್ತು. ಆವತ್ತು ನಿಮ್ಮ ಮಾತು ನಾನು ಕೇಳಿಸಿಕೊಳ್ಳಲೇ ಇಲ್ಲ. ಕ್ಷಮಿಸಬೇಕು" ಅಂದೆ. ಹೇಳಿ ಮುಗಿದ ಮೇಲೆ ಎದೆ ಹಗುರವಾಯಿತು. ತಲೆ ಎತ್ತಿದೆ. ಮೇಷ್ಟ್ರು ಕಾಫಿ ಊದುತ್ತಾ ಕುಳಿತಿದ್ದರು. ಯಂತ್ರ ಅವರ ಅಂಗಿಯ ಜೇಬಿನಲ್ಲಿತ್ತು. ನನ್ನ ಬಾಯಿ ಅಲುಗಿದ್ದು ಕಂಡಿರಬೇಕು, ಅದನ್ನು ತೆಗೆದು, ಒರೆಸಿ, ನಿಧಾನವಾಗಿ ಕಿವಿಗೆ ಸಿಕ್ಕಿಸಿಕೊಂಡು, ಮುಂದಕ್ಕೆ ಬಾಗಿ ಕೇಳಿದರು.

"ಏನೋ ಅಂದ್ಯಲ್ಲ ವಾಸು? ಇನ್ನೊಂದ್ಸಲ ಹೇಳು."

ರಘುವಿಗಿಂತ ಮೊದಲು ಈ ಹೋಟೆಲಿನಲ್ಲಿ ಹತ್ತು ವರ್ಷ ಆರ್ಡರು ಕೂಗಿದವನು ನಾನೇ. ರಸ್ತೆಯಾಚೆಗೂ ಕೇಳುತ್ತಿದ್ದ ಗಂಟಲು ಇದು. ಈಗ ಸದ್ದಿಲ್ಲದ ಹಾಲ್‌ನಲ್ಲಿ, ಒಂದು ಮೇಜಿನ ಅಂತರದಲ್ಲಿ, ಕೇಳಬೇಕೆಂದೇ ಕಿವಿ ಒಡ್ಡಿ ಕುಳಿತ ಮನುಷ್ಯನ ಎದುರು, ಅದೇ ಮಾತು ಎರಡನೆಯ ಸಲ ಹೊರಡಲಿಲ್ಲ.

"ಕಾಫಿ ಆರಿ ಹೋಗುತ್ತೆ ಅಂದೆ ಮೇಷ್ಟ್ರೇ" ಅಂದೆ.